ಛತ್ರ ಅವರ ಆಯ್ಕೆ, ಬಾಡಿಗೆ ನಮ್ಮದು

ಹುಡುಗನಿಗೆ ಬೆಂಗಳೂರಿನಲ್ಲಿ ನೌಕರಿ ಇದ್ದರೆ ಸಾಕು, ಮದುವೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಒಳ್ಳೆಯ ಛತ್ರದಲ್ಲೇ ಆಗಬೇಕೆಂದು ಗಂಡಿನ ಕಡೆಯವರು ಹಠ ಹಿಡಿಯುವುದು ನಮ್ಮ ಜಿಲ್ಲೆಯಲ್ಲಿಯೂ ರೂಢಿಯಾಗಿದೆ. ಛತ್ರ ಆರಿಸುವವರು ಅವರು, ಬಾಡಿಗೆ ಕಟ್ಟುವವನು ಹೆಣ್ಣಿನ ತಂದೆ. ಗಿರಣಿಯಲ್ಲಿ ಮೈಮುರಿದು ಕೂಡಿಟ್ಟ ಪ್ರಾವಿಡೆಂಟ್ ಫಂಡಾಗಲಿ, ಸಣ್ಣ ಅಂಗಡಿಯವನ ಬಂಡವಾಳವಾಗಲಿ, ಎರಡು ದಿನದಲ್ಲಿ ಕರಗಿಹೋಗುತ್ತದೆ. ಇದಕ್ಕೆ ಮರ್ಯಾದೆ ಎಂದು ಹೆಸರು!

ಛತ್ರವೆಂಬ ಮಾತಿಗೆ ಹಿಂದೆ ಬೇರೆಯೇ ಅರ್ಥವಿತ್ತು. ಗುಬ್ಬಿ ತೋಟದಪ್ಪನವರು ವ್ಯಾಪಾರಿಗಳು, ಮಕ್ಕಳಿಲ್ಲದವರು. ಗಳಿಸಿದ್ದನ್ನು ದಾರಿಹೋಕರ ತಂಗುವಿಕೆಗೂ ವಿದ್ಯಾರ್ಥಿಗಳ ವಸತಿಗೂ ಮುಡಿಪಿಟ್ಟರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಅವರ ಧರ್ಮಛತ್ರ 1903ರಲ್ಲಿ ತೆರೆಯಿತು. ಇಂದು ಛತ್ರವೆಂಬ ಹೆಸರು ಹೊತ್ತ ಮದುವೆಮನೆಗಳಲ್ಲಿ ಬಾಡಿಗೆಯೊಂದೇ ಅಲ್ಲ, ದೀಪಕ್ಕೆ, ಜನರೇಟರಿಗೆ, ಪಾತ್ರೆಗೆ, ಕಸ ಗುಡಿಸುವುದಕ್ಕೂ ಬೇರೆ ಬೇರೆ ಲೆಕ್ಕ. ಕೆಲವೆಡೆ ಅಡಿಗೆಯವರೂ ಹೂವಿನವರೂ ಅವರು ತೋರಿಸಿದವರೇ ಆಗಬೇಕು. ಅಲ್ಲಿಗೆ ಗಾಂಧಿ ಬಜಾರಿನ ಹೂವಾಡಗಿತ್ತಿಗೂ ಬಾಗಿಲು ಮುಚ್ಚಿದಂತೆಯೇ. ಆಷಾಢದಲ್ಲಿ ಜೇಡ ಬಲೆ ಕಟ್ಟುವ ಹಜಾರಕ್ಕೆ ವೈಶಾಖ ಬಂದೊಡನೆ ಬೆಲೆಯೇರುತ್ತದೆ.

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನ ಗಾಳಿ ಬೆಳಕಿಗೆ ಬರಲೆಂದು ಎದ್ದ ಬಡಾವಣೆಗಳು. ಈಗ ಅಲ್ಲಿ ಗಾಳಿಗೂ ಚದರಡಿಯ ಲೆಕ್ಕ. ಮಲ್ಲೇಶ್ವರದ ರಾಜಾ ಮಿಲ್ಲು ನಿಂತಿದ್ದ ನೆಲದಲ್ಲಿ ಇಂದು ಮಾಲ್ ಇದೆ. ಕಾರ್ಮಿಕ ದುಡಿದು ಬೆಳೆಸಿದ ನೆಲದ ಬೆಲೆಯನ್ನು ಛತ್ರದ ಬಾಡಿಗೆಯ ರೂಪದಲ್ಲಿ ಮತ್ತೆ ಕಾರ್ಮಿಕನೇ ತೆರಬೇಕಾಗಿದೆ.

ಮದುವೆ ಕಟ್ಟಡವನ್ನು ಕೇಳುತ್ತದೆಯೇ? 1955ರ ಹಿಂದೂ ವಿವಾಹ ಕಾಯಿದೆ ಛತ್ರವನ್ನು ಕೇಳುವುದಿಲ್ಲ. 1954ರ ವಿಶೇಷ ವಿವಾಹ ಕಾಯಿದೆಗೆ 30 ದಿನದ ನೋಟೀಸು, ಅಧಿಕಾರಿಯ ಎದುರು ಮೂವರು ಸಾಕ್ಷಿಗಳು ಸಾಕು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ ಸರಳವಾಗಿ ನಡೆಸಿದರು. ಛತ್ರ ಹಿಡಿಯಲು ಅವರಿಗೇನು ಗತಿಯಿರಲಿಲ್ಲವೇ?

ಶಾಸ್ತ್ರ ಬೇಕೆನ್ನುವವರನ್ನು ನಾವು ಹಂಗಿಸುವುದಿಲ್ಲ. ಓಲಗ ಬರಲಿ, ಚಪ್ಪರ ಏಳಲಿ. ಚಪ್ಪರ ನಮ್ಮೂರಿನ ಬೀದಿಯಲ್ಲೂ ಏಳುತ್ತದೆ, ಶಾಮಿಯಾನದವನೂ ಅಡಿಗೆ ಭಟ್ಟನೂ ಇಲ್ಲೇ ಇದ್ದಾರೆ. ನೆಂಟರಿಗೆ ಬಸ್ಸು ಗೊತ್ತುಮಾಡುವ ಖರ್ಚೂ ಉಳಿಯುತ್ತದೆ. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ 1961ರಲ್ಲೇ ಬಂತು. ನಗದು ಕೇಳಲು ನಾಚುವವರು ಛತ್ರದ ಹೆಸರಿನಲ್ಲಿ ಕೇಳುತ್ತಿದ್ದಾರೆ, ಅಷ್ಟೆ.

ಬಸವನಗುಡಿಯೇ ಆಗಬೇಕೆನ್ನುವ ಬೀಗರು ದೀಪ, ಪಾತ್ರೆ, ಕಸದ ಲೆಕ್ಕವನ್ನೆಲ್ಲ ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರೆಸಿ ತರಲಿ. ಅದರಲ್ಲಿ ತಮ್ಮ ಅರ್ಧವನ್ನು ನಿಶ್ಚಿತಾರ್ಥದ ದಿನವೇ, ತಾಂಬೂಲದ ತಟ್ಟೆಯ ಪಕ್ಕದಲ್ಲಿ ಎಣಿಸಿ ಇಡಲಿ.