ಅಂಗಳದ ಪದಗಳು: ಮಡಿ, ಪಾತಿ, ಗೂಟಿ

‘ಲಾನ್’ ಎಂಬ ಮಾತನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ‘ಪಾತಿ’ ಎಂದರೆ ಮುಖ ನೋಡುತ್ತಾರೆ. ಆದಕಾರಣ ಈ ಸಲ ಕೆಲವು ಪದಗಳನ್ನು ವಿವರಿಸುತ್ತೇವೆ.

‘ಮಡಿ’ ಎಂದರೆ ಬೀಜ ಬಿತ್ತಿ ಸಸಿ ಎಬ್ಬಿಸಲು ಹದಗೊಳಿಸಿದ ನೆಲ. ನೀರು ನಿಲ್ಲದಂತೆ ಗೇಣೆತ್ತರಕ್ಕೆ ಏರಿಸಿದರೆ ಅದು ಏರುಮಡಿ. (ಅಡುಗೆಮನೆಯ ಮಡಿಯಂತಲ್ಲ, ಇಲ್ಲಿ ಕೈ ಮಣ್ಣಾಗಲೇಬೇಕು.)

ಲಾನಿಗೆ ‘ಹುಲ್ಲುಹಾಸು’ ಎಂಬುದು ಚೆಲುವಾದ ಪದ. ಗರಿಕೆಯೇ ಅದಕ್ಕೆ ಸಾಕು. ಕತ್ತರಿಸುವಾಗ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳು ಅಂತರ್ಜಲ ಮಿತಿಮೀರಿ ಬಳಕೆಯಾದ ತಾಲ್ಲೂಕುಗಳೆಂದು ಸರ್ಕಾರದ ಅಂದಾಜುಗಳಲ್ಲಿ ಗುರುತಾಗಿವೆ. ಕೊಳವೆಬಾವಿಯ ನೀರನ್ನು ನೋಟದ ಹುಲ್ಲಿಗೆ ದಿನವೂ ಸುರಿಯುವುದು ನಮಗೆ ಒಪ್ಪಿತವಲ್ಲ. ಅಷ್ಟೇ ಜಾಗದಲ್ಲಿ ಒಂದು ಚಕ್ಕೋತದ ಮರವನ್ನು ಸಾಕಬಹುದು.

ಗಿಡದ ಸುತ್ತ ನೀರಿಗಾಗಿ ತೆಗೆದ ತಗ್ಗೇ ‘ಪಾತಿ’. ಚಕ್ಕೋತ, ನಿಂಬೆಗಳಿಗೆ ಅದು ಬಳೆಯಾಕಾರದಲ್ಲಿರಬೇಕು. ಬುಡದ ಬಳಿ ಒಳಗಟ್ಟೆ ಬಿಡಬೇಕು. ಕಾಂಡಕ್ಕೆ ಸದಾ ನೀರು ತಾಗಿದರೆ ತೊಗಟೆ ಕೊಳೆತು ಅಂಟು ಒಸರುವುದು. ಪಾತಿಗೆ ಒಣಗಿದ ಎಲೆ ಹೊದಿಸಿದರೆ ತೇವ ಬಹುಕಾಲ ನಿಲ್ಲುತ್ತದೆ.

ಇನ್ನು ‘ಗೂಟಿ’. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ದೇವನಹಳ್ಳಿಯ ಚಕ್ಕೋತವನ್ನು ಬೀಜದಿಂದ ಬೆಳೆಸಿದರೆ ತಾಯಿಮರದ ರುಚಿ ಬಂದೀತೆಂಬ ಭರವಸೆಯಿಲ್ಲ. ಆದುದರಿಂದ ಬೆರಳುಗಾತ್ರದ ಕೊಂಬೆಯಲ್ಲಿ ಒಂದಂಗುಲದಷ್ಟು ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿಯಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟುವರು. ಸುಮಾರು ಎರಡು ತಿಂಗಳಲ್ಲಿ ಬೇರುಗಳು ಹಾಳೆಯೊಳಗೆ ಕಾಣಿಸುತ್ತವೆ. ಆಗ ಕಟ್ಟಿನ ಕೆಳಗೆ ಕತ್ತರಿಸಿ, ಹಾಳೆ ಬಿಚ್ಚಿ, ಕೆಲಕಾಲ ನೆರಳಿನಲ್ಲಿ ಕುಂಡದಲ್ಲಿರಿಸಿ, ಬಳಿಕ ನೆಲಕ್ಕಿಳಿಸಬೇಕು. ಈ ಕೆಲಸಕ್ಕೆ ಮುಂಗಾರು ಹಿಡಿದ ದಿನಗಳೇ ತಕ್ಕವು.