ಅಟ್ಟದ ಮೇಲಿನ ಚರಿತ್ರೆ

ನಿಮ್ಮ ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ತುರಿಸಿಕೊಳ್ಳುತ್ತೇವೆ. ಈ ವಿಷಯದಲ್ಲಿ ಸ್ಕಾಟ್ಲೆಂಡಿನವರು ಭಾಗ್ಯವಂತರು. ಅಲ್ಲಿ 1855ರಿಂದ ಜನನ, ಮರಣ, ವಿವಾಹಗಳ ದಾಖಲೆ ಕಡ್ಡಾಯ. ಅದಕ್ಕೂ ಹಿಂದಿನವು ಚರ್ಚಿನ ಪುಸ್ತಕಗಳಲ್ಲಿವೆ. ಕಡಿದ ಕೊಂಡಿಗಳನ್ನು ಹಳೆಯ ಪತ್ರಿಕೆಗಳ ಮರಣವಾರ್ತೆಗಳು ಕೂಡಿಸುತ್ತವೆ. 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಗ್ಲಾಸ್ಗೋದವನು. ಅವನ ಪೂರ್ವಿಕರನ್ನು ಹುಡುಕಬಹುದು. ಅವನ ಕಾಲದಲ್ಲಿ ಕಂದಾಯ ತೆತ್ತ ಕಾರ್ಕಳದ ಒಕ್ಕಲಿನ ಪೂರ್ವಿಕರನ್ನು ಹುಡುಕುವುದೆಲ್ಲಿ?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ನಮ್ಮ ನೆರೆಯಲ್ಲೇ ಹುಟ್ಟಿತೇನೋ ನಿಜ. ಆದರೆ ನಮ್ಮ ಮನೆತನಗಳ ಸುಳಿವು ಪತ್ರಿಕೆಗಿಂತ ಹೆಚ್ಚಾಗಿ ಅಟ್ಟದ ಮೇಲಿನ ಗೇಣಿಚೀಟು, ಪಾಲುಪಟ್ಟಿಗಳಲ್ಲಿ ಉಂಟು. ಅಳಿಯಸಂತಾನದ ಕುಟುಂಬದಲ್ಲಿ ತಂದೆಯ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ತಾಯಿಯ ಬಳಿಯನ್ನೇ ಹಿಡಿಯಬೇಕು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ಅವಕಾಶ ಕೊಟ್ಟಿತು. ಆಮೇಲಿನ ಪಾಲುಪಟ್ಟಿಗಳಲ್ಲಿ ಹೆಂಗಸರು ಮಕ್ಕಳೆಲ್ಲ ಕವರು ಕವರಾಗಿ ಹೆಸರು ಪಡೆದಿದ್ದಾರೆ. ಅಲ್ಲಿ ವಂಶದ ಮೂಲವಾಗಿ ನಿಂತವಳು ಅಜ್ಜಿ.

ಕಾಪುವಿನ ನಮ್ಮ ಹಳೆಮನೆಯನ್ನು ಬಿಚ್ಚುವಾಗ ಗೆದ್ದಲು ಹಿಡಿದ ಇಂಥ ಕಾಗದದ ಕಟ್ಟೊಂದನ್ನು ನಾನೇ ಬಚ್ಚಲೊಲೆಗೆ ಹಾಕಿದೆ. ಅದರಲ್ಲಿ ಯಾರ ಯಾರ ಹೆಸರಿತ್ತೋ, ಇನ್ನು ತಿಳಿಯುವಂತಿಲ್ಲ.

ಭೂಮಿಯೇ ಇಲ್ಲದೆ ದುಡಿದವರಿಗಾದರೋ ಸುಡಲು ಸಹ ಕಾಗದವಿಲ್ಲ. ಅವರ ಚರಿತ್ರೆ ಹಿರಿಯರ ಬಾಯಲ್ಲಿ ಮಾತ್ರ. ಆದ್ದರಿಂದ ಮಿತ್ರರೇ, ಅರಸರ ವಂಶಾವಳಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಾವು ಈ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ನಾಲ್ಕು ಹೆಸರು ಬರೆದುಕೊಳ್ಳೋಣ. ಕಾಗದ ಸುಟ್ಟರೂ ಅಜ್ಜಿಯ ನೆನಪು ಇನ್ನೂ ಉಳಿದಿದೆ. ಅದು ಬಹುಕಾಲ ಕಾಯದು.