ಶೆರಿಫ್ ಕಚೇರಿಯ ದಾಖಲೆಗಳ ಪ್ರತಿ ಪಡೆಯುವ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಬೋರ್ಡ್ ಆಫ್ ಸೂಪರ್‌ವೈಸರ್ಸ್,
ಕೌಂಟಿ ಆಡಳಿತ ಭವನ, ಕ್ಯಾಲಿಫೋರ್ನಿಯಾ

ಇವರಿಂದ,
ಕೌಂಟಿಯ ಕನ್ನಡಿಗ ನಿವಾಸಿಗಳು (ಸಹಿಗಳ ಹಾಳೆ ಲಗತ್ತಿಸಿದೆ)

ವಿಷಯ: ಶೆರಿಫ್ ಕಚೇರಿಯಿಂದ ಪೊಲೀಸ್ ದಾಖಲೆಗಳ ಪ್ರತಿ ಪಡೆಯಲು ಆಗುತ್ತಿರುವ ತೊಂದರೆ ನಿವಾರಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕೌಂಟಿಯಲ್ಲಿ ಕಳವಿಗೋ ಹೊಡೆತಕ್ಕೋ ಸಿಕ್ಕಿದವರು ತಮ್ಮದೇ ಪ್ರಕರಣದ ವರದಿಯ ಪ್ರತಿಗಾಗಿ ಶೆರಿಫ್ ಕಚೇರಿಗೆ ಮೂರು ನಾಲ್ಕು ಸಲ ಅಲೆಯಬೇಕಾಗಿದೆ. ಕೊಡಬೇಡಿ ಎಂದು ಕಾನೂನು ಹೇಳಿಲ್ಲ. ಕೊಡಿ ಎಂದಿದೆ, ಕೇಳಲು ಬಂದವರಿಗೆ ನೆರವಾಗಿ ಎಂದೂ ಹೇಳಿದೆ. ಆ ಮಾತು ಕೌಂಟರಿನ ಕಿಟಕಿಯವರೆಗೆ ತಲುಪಿಲ್ಲ, ಅಷ್ಟೆ.

ಇದರ ಇಂಗ್ಲಿಷ್ ಪ್ರತಿ ಜೊತೆಗಿದೆ; ತಮ್ಮ ಕಡತಕ್ಕೆ ಅದು ಸಾಕು. ಕನ್ನಡದಲ್ಲಿ ಬರೆದದ್ದು ಸಹಿ ಹಾಕುವವರಿಗಾಗಿ. ಅವರಲ್ಲಿ ಹಾಸನ, ಶಿರಸಿ, ಧಾರವಾಡದ ಕಡೆಯಿಂದ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಆರು ತಿಂಗಳು ಇದ್ದುಹೋಗುವ ಹಿರಿಯರೂ ಇದ್ದಾರೆ. ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಓದಿಯೇ ಹಾಕುತ್ತೇವೆ ಎಂದು ಅವರು ಪಟ್ಟು ಹಿಡಿದರು.

ಮನವಿಗೆ ಕಾರಣವಾದ, ಇದನ್ನು ಬರೆಯುತ್ತಿರುವ ನನಗೇ ಆದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಹೋದ ವರ್ಷ ಯಾರೋ ನಮ್ಮ ಕಾರಿನ ಗಾಜು ಒಡೆದು ನನ್ನ ತಾಯಿಯ ಕೈಚೀಲ ಹೊತ್ತೊಯ್ದರು. ಒಳಗೆ ಅವರ ಪಾಸ್‌ಪೋರ್ಟ್ ಇತ್ತು. ಡೆಪ್ಯುಟಿಯೊಬ್ಬರು ಬಂದು ಸಮಾಧಾನದಿಂದಲೇ ಎಲ್ಲ ಬರೆದುಕೊಂಡು, ಪ್ರಕರಣದ ಸಂಖ್ಯೆ ಗೀಚಿದ ಒಂದು ಚೀಟಿ ಕೊಟ್ಟು ಹೋದರು. ಅದರಲ್ಲಿನ ಒಂದು ಅಂಕಿ 1 ಆಗಿತ್ತೋ 7 ಆಗಿತ್ತೋ ಇವತ್ತಿಗೂ ನನಗೆ ತಿಳಿದಿಲ್ಲ. ಕಳೆದ ಪಾಸ್‌ಪೋರ್ಟ್‌ಗೆ ಬದಲಿ ಕೊಡಬೇಕಾದರೆ ಭಾರತೀಯ ಕಾನ್ಸುಲೇಟ್ ಪೊಲೀಸ್ ವರದಿ ಕೇಳುತ್ತದೆ, ಚೀಟಿ ನಡೆಯುವುದಿಲ್ಲ. ‘ಎಫ್‌ಐಆರ್ ಕಾಪಿ ಕೊಡಿ ಅಂತ ಕೇಳೋ’ ಎಂದರು ಅಮ್ಮ. ಕೇಳಿದೆ. ಶೆರಿಫ್ ಕಚೇರಿಯ ಕೌಂಟರಿನಲ್ಲಿ ಗಾಜಿನ ಆಚೆಯವರಿಗೆ ಆ ಶಬ್ದವೇ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ನಮ್ಮೂರಿನಲ್ಲಿ ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಲೇಬೇಕು, ಹಾಗಾಗಿ ಅದು ಹಳ್ಳಿಯವರ ಬಾಯಲ್ಲೂ ಇರುವ ಮಾತು. ಇಲ್ಲಿ ಅದಕ್ಕೆ ಹತ್ತಿರವಾದದ್ದು ಇನ್ಸಿಡೆಂಟ್ ರಿಪೋರ್ಟ್. ‘ನಿಮಗೆ ಬೇಕಾದದ್ದು ಅದು’ ಎಂಬ ಒಂದು ವಾಕ್ಯ ಸಿಕ್ಕಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು. ಸಿಕ್ಕಿದ್ದು ‘ಆನ್‌ಲೈನಿನಲ್ಲಿ ಅರ್ಜಿ ಹಾಕಿ’ ಎಂಬ ಉತ್ತರ. ಹಾಕಿದೆವು. ತನಿಖಾ ದಾಖಲೆಯಾದ್ದರಿಂದ ಕೊಡಲಾಗದು ಎಂದು ಎರಡು ಸಾಲಿನ ಮಿಂಚಂಚೆ ಬಂತು. ಕೆಳಗೆ ಯಾರ ಹೆಸರೂ ಇಲ್ಲ. ಮೂರನೆಯ ಸಲ ಹೋದಾಗ ಕಿಟಕಿಯಲ್ಲಿ ಬೇರೊಬ್ಬರಿದ್ದರು. ಅಮ್ಮನ ಗುರುತಿನ ಚೀಟಿ ನೋಡಿ, ಹತ್ತು ನಿಮಿಷದಲ್ಲಿ ಎರಡು ಹಾಳೆ ಮುದ್ರಿಸಿ ಕೈಗಿತ್ತರು. ಅದೇ ಕಚೇರಿ, ಅದೇ ಕಾನೂನು.

ಆ ಕಾನೂನು ಯಾವುದೆಂದು ತಮಗೆ ತಿಳಿಯದ್ದೇನಲ್ಲ. ಆದರೂ ನಮ್ಮವರಿಗಾಗಿ ಇಲ್ಲಿ ಬರೆಯುತ್ತೇವೆ. ಕೌಂಟಿ ಶೆರಿಫರಿಗೆ ಅರ್ಜಿ ಬರೆಯುವಾಗ ನಮ್ಮಲ್ಲಿ ಬಹಳ ಮಂದಿ 1966ರ ಒಕ್ಕೂಟ ಸರ್ಕಾರದ ಮಾಹಿತಿ ಸ್ವಾತಂತ್ರ್ಯ ಕಾಯಿದೆಯನ್ನು ಹೆಸರಿಸುತ್ತಾರೆ. ಅದು ಒಕ್ಕೂಟದ ಇಲಾಖೆಗಳಿಗೆ ಮಾತ್ರ. ಶೆರಿಫರಿಗೆ ಅನ್ವಯಿಸುವುದು 1968ರ ಕ್ಯಾಲಿಫೋರ್ನಿಯಾ ಪಬ್ಲಿಕ್ ರೆಕಾರ್ಡ್ಸ್ ಆ್ಯಕ್ಟ್. 2023ರ ಜನವರಿಯಿಂದ ಅದರ ಕಲಮುಗಳಿಗೆ ಹೊಸ ಸಂಖ್ಯೆ ಬಂದಿದೆ. ಸರ್ಕಾರಿ ಸಂಹಿತೆಯ 7920ರಿಂದ ಮುಂದಕ್ಕೆ ನೋಡಬೇಕು. ಕೇಳುವವರು ಈ ದೇಶದ ಪ್ರಜೆಯೇ ಆಗಿರಬೇಕಿಲ್ಲ, ಯಾಕೆ ಬೇಕೆಂದು ಹೇಳಬೇಕಿಲ್ಲ, ಬರೆದೇ ಕೊಡಬೇಕೆಂದೂ ಇಲ್ಲ, ಬಾಯಿಮಾತಿನಲ್ಲಿ ಕೇಳಬಹುದು. (ಬರೆದು ಕೊಟ್ಟು ತಾರೀಖು ಹಾಕಿದ ಪ್ರತಿ ಇಟ್ಟುಕೊಳ್ಳುವುದು ಜಾಣತನ, ಆ ಮಾತು ಬೇರೆ.) ಅರ್ಜಿ ತಲುಪಿದ 10 ದಿನದೊಳಗೆ ಕೊಡುತ್ತೇವೋ ಇಲ್ಲವೋ, ಕೊಡುವುದಾದರೆ ಎಂದಿಗೆ ಎಂದು ಕಚೇರಿ ತಿಳಿಸಬೇಕು, ವಿಶೇಷ ಕಾರಣವಿದ್ದರೆ ಇನ್ನು 14 ದಿನ. ದಾಖಲೆ ಕೈಗೆ ಬರುವ ಗಡುವು ಇದಲ್ಲ, ಉತ್ತರ ಬರುವ ಗಡುವು. ಆ ಉತ್ತರವೇ ಇಲ್ಲಿ ಸಮಯಕ್ಕೆ ಬರುತ್ತಿಲ್ಲ.

ತನಿಖಾ ದಾಖಲೆಗಳಿಗೆ ವಿನಾಯಿತಿ ಇರುವುದು ನಿಜ, ನಾವದನ್ನು ಪ್ರಶ್ನಿಸುತ್ತಿಲ್ಲ. ಆದರೆ ಆ ವಿನಾಯಿತಿಯ ಬೆನ್ನಿಗೇ 7923.605ನೆಯ ಕಲಮು ಇದೆ. ಕಳವು, ಕನ್ನ, ದರೋಡೆ, ವಾಹನ ಕಳವು, ಬೆಂಕಿ ಹಚ್ಚುವುದು ಮೊದಲಾದವುಗಳಿಂದ ನಷ್ಟವಾದವರಿಗೆ, ಅವರ ಪ್ರತಿನಿಧಿಗೆ, ಅವರ ವಿಮಾ ಕಂಪನಿಗೆ ಘಟನೆಯ ದಿನ, ಹೊತ್ತು, ಸ್ಥಳ, ಹೋದ ವಸ್ತುಗಳ ವಿವರ, ನಕ್ಷೆ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಕೊಡಬೇಕು. ಯಾರದಾದರೂ ಸುರಕ್ಷತೆಗೆ ಅಥವಾ ತನಿಖೆಗೆ ಧಕ್ಕೆ ಬರುವಂತಿದ್ದರೆ ಅಷ್ಟು ಭಾಗ ತಡೆಹಿಡಿಯಬಹುದು. ಗಾಜು ಒಡೆದ ಕಾರಿನ ವರದಿ ಕೊಟ್ಟರೆ ಯಾವ ತನಿಖೆಗೆ ಧಕ್ಕೆ? ಇನ್ನೊಂದು ಕಲಮಿನ ಪ್ರಕಾರ, ಬರೆದು ಕೇಳಿದವರಿಗೆ ಇಲ್ಲವೆನ್ನುವಾಗ ಬರಹದಲ್ಲೇ ಹೇಳಿ, ನಿರಾಕರಿಸಿದವರ ಹೆಸರು, ಹುದ್ದೆ ನಮೂದಿಸಬೇಕು. ಎರಡು ಸಾಲಿನ ಅನಾಮಧೇಯ ಮಿಂಚಂಚೆ ಇದಕ್ಕೆ ಸಾಟಿಯಲ್ಲ.

ಊರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ತಿರಸ್ಕಾರವಾದರೆ ಮೊದಲ ಮೇಲ್ಮನವಿ, ಆಮೇಲೆ ಆಯೋಗ ಎಂಬ ಮೆಟ್ಟಿಲುಗಳಿವೆ. ಈ ರಾಜ್ಯದ ಕಾಯಿದೆಯಲ್ಲಿ ಅಂಥ ಮೆಟ್ಟಿಲಿಲ್ಲ. ಮುಂದಿನ ಬಾಗಿಲು ಸುಪೀರಿಯರ್ ಕೋರ್ಟಿನದೇ. ಅಲ್ಲಿ ಗೆದ್ದರೆ ವಕೀಲರ ಶುಲ್ಕವನ್ನು ಕಚೇರಿಯೇ ಭರಿಸಬೇಕು, ಎಂದರೆ ಕೌಂಟಿಯ ಬೊಕ್ಕಸ. ಎರಡು ಹಾಳೆಗಾಗಿ ಕೋರ್ಟಿಗೆ ಹೋಗುವವರು ಯಾರು? ಯಾರೂ ಹೋಗುವುದಿಲ್ಲ ಎಂಬುದು ಕಿಟಕಿಯ ಆಚೆಗೂ ಗೊತ್ತು.

ಮನೆಯೊಳಗಿನ ಹಿಂಸೆಯ ಪ್ರಕರಣಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ನಮ್ಮ ಸಮಾಜ ಇದನ್ನು ಮುಚ್ಚಿಡುತ್ತದೆ. ಅದಕ್ಕೆ ತಮ್ಮನ್ನು ದೂರುವಂತಿಲ್ಲ. ಗಂಡನ ವೀಸಾದ ಮೇಲೆ ಬಂದು, ಸ್ವಂತ ಬ್ಯಾಂಕ್ ಖಾತೆಯೂ ಇಲ್ಲದೆ ಇರುವ ಹೆಣ್ಣುಮಗಳು ಒಂದು ರಾತ್ರಿ ಧೈರ್ಯ ಮಾಡಿ 911ಕ್ಕೆ ಕರೆ ಮಾಡುತ್ತಾಳೆ. ಮುಂದೆ ಕೋರ್ಟಿಗೂ ವಲಸೆ ಇಲಾಖೆಗೂ ಆ ರಾತ್ರಿಯ ವರದಿ ಬೇಕು. ಕ್ಯಾಲಿಫೋರ್ನಿಯಾದ ಕುಟುಂಬ ಸಂಹಿತೆಯ 6228ನೆಯ ಕಲಮಿನಂತೆ ಆಕೆ ಕೇಳಿದರೆ ವರದಿಯ ಮುಖಪುಟವನ್ನು 48 ಗಂಟೆಯೊಳಗೆ, ಪೂರ್ಣ ವರದಿಯನ್ನು 5 ಕೆಲಸದ ದಿನಗಳೊಳಗೆ ಶುಲ್ಕವಿಲ್ಲದೆ ಕೊಡಬೇಕು. ತಕ್ಕ ಕಾರಣವಿದ್ದು ಅದನ್ನು ತಿಳಿಸಿದರೆ ಮಾತ್ರ ಇನ್ನೂ ಕೆಲವು ದಿನ ತಡವಾಗಬಹುದು. ನಮಗೆ ಗೊತ್ತಿರುವ ಒಬ್ಬಾಕೆಗೆ ಶುಲ್ಕ ಕೇಳಲಿಲ್ಲ, ದಿನಗಳೂ ಹೆಚ್ಚಾಗಲಿಲ್ಲ. ವರದಿ ಮಾತ್ರ ಅಂಚೆಯಲ್ಲಿ ನೇರ ಮನೆಗೆ ಬಂತು. ಲಕೋಟೆಯ ಮೂಲೆಯಲ್ಲಿ ಶೆರಿಫರ ನಕ್ಷತ್ರದ ಮುದ್ರೆ. ಅದನ್ನು ಮೊದಲು ಒಡೆದು ಓದಿದವನು ಅವಳ ಗಂಡ. ಅರ್ಜಿಯಲ್ಲಿ ವಿಳಾಸ ತುಂಬಲು ಜಾಗವಿತ್ತು, ‘ಎಲ್ಲಿ, ಹೇಗೆ ತಲುಪಿಸಬೇಕು’ ಎಂದು ಕೇಳುವ ಜಾಗವಿರಲಿಲ್ಲ.

ತಡವಾದಷ್ಟೂ ನಷ್ಟ ಯಾರಿಗೆ ಎಂಬುದನ್ನೂ ಗಮನಿಸಬೇಕು. ಫೋನ್ ಮತ್ತು ರೇಡಿಯೊ ಮಾತುಕತೆಯ ಧ್ವನಿಮುದ್ರಣಗಳನ್ನು 100 ದಿನ ಕಳೆದ ಮೇಲೆ ಅಳಿಸಿಹಾಕಲು ರಾಜ್ಯದ ಕಾನೂನು ಕೌಂಟಿಗಳಿಗೆ ಅವಕಾಶ ಕೊಟ್ಟಿದೆ. 911 ಕರೆಯ ಧ್ವನಿ ಕೇಳಿದವರಿಗೆ ಮೂರು ತಿಂಗಳು ಉತ್ತರ ಬಾರದಿದ್ದರೆ, ಉತ್ತರ ಬರುವ ಹೊತ್ತಿಗೆ ಕೊಡಲು ಏನೂ ಉಳಿಯದಿರಬಹುದು.

ಇನ್ನು ಯಾವ ಕಚೇರಿ ಎಂಬ ಗೊಂದಲ. ಶೆರಿಫರ ವ್ಯಾಪ್ತಿ ನಗರಸಭೆಗೆ ಸೇರದ ಪ್ರದೇಶ ಮತ್ತು ಒಪ್ಪಂದ ಮಾಡಿಕೊಂಡ ಊರುಗಳು. ಉಳಿದ ನಗರಗಳಿಗೆ ಅವುಗಳದೇ ಪೊಲೀಸರು. ನಗರಸಭೆಗೆ ಸೇರದ ರಸ್ತೆಯಲ್ಲಿ ಕಾರುಗಳು ಡಿಕ್ಕಿಯಾದರೆ ಆ ವರದಿ ಸಾಮಾನ್ಯವಾಗಿ ಶೆರಿಫರ ಬಳಿ ಇರುವುದೇ ಇಲ್ಲ, ಕ್ಯಾಲಿಫೋರ್ನಿಯಾ ಹೈವೇ ಪೆಟ್ರೋಲ್ ಬಳಿ ಇರುತ್ತದೆ. ವಾರಗಟ್ಟಲೆ ಕಾದ ಮೇಲೆ ‘ದಾಖಲೆ ಇಲ್ಲ’ ಎಂಬ ಉತ್ತರ ಪಡೆದವರು ಸಹಿ ಹಾಕಿದವರಲ್ಲಿ ಇದ್ದಾರೆ. ‘ನಮ್ಮಲ್ಲಿಲ್ಲ, ಅಲ್ಲಿ ಕೇಳಿ’ ಎನ್ನಲು ಎಷ್ಟು ಹೊತ್ತು ಬೇಕು?

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಯಾವ ದಾಖಲೆಗೆ ಏನೆನ್ನುತ್ತಾರೆ, ಅದು ಯಾರ ಬಳಿ ಇರುತ್ತದೆ, ಯಾರು ಕೇಳಬಹುದು, ಎಷ್ಟು ದಿನ ಎಂದು ತಿಳಿಸುವ ಒಂದೇ ಪುಟದ ಹಾಳೆ ಕೌಂಟರಿನಲ್ಲಿ ಇರಬೇಕು. ಅದರ ಕರಡನ್ನು ಲಗತ್ತಿಸಿದ್ದೇವೆ. ಕನ್ನಡ ಬಲ್ಲವರನ್ನು ಕೌಂಟರಿನಲ್ಲಿ ಕೂರಿಸಿ ಎಂದು ನಾವು ಕೇಳುತ್ತಿಲ್ಲ. ಹಾಳೆಯ ಕನ್ನಡ ಅನುವಾದವನ್ನು ಪುಕ್ಕಟೆ ಮಾಡಿಕೊಡುತ್ತೇವೆ, ತಾವು ಒಪ್ಪಿ ಅಚ್ಚು ಹಾಕಿಸಿದರೆ ಸಾಕು. ಇಂಗ್ಲಿಷ್ ಬಾರದವರು ಬಂದಾಗ ಫೋನ್ ಮೂಲಕ ದುಭಾಷಿಯ ನೆರವು ಸಿಗಬೇಕು.

ಪ್ರತಿ ನಿರಾಕರಣೆಯಲ್ಲೂ ಕಲಮಿನ ಸಂಖ್ಯೆ, ಕಾರಣ, ಜವಾಬ್ದಾರರ ಹೆಸರು ಮತ್ತು ಹುದ್ದೆ ಇರಲಿ. ಕೇಳಿದವರು ಪ್ರಕರಣದಲ್ಲಿ ನೊಂದವರೋ ಹೊರಗಿನವರೋ ಎಂಬುದನ್ನು ಅರ್ಜಿಯ ಮೊದಲ ಸಾಲಿನಲ್ಲೇ ವಿಚಾರಿಸಿದರೆ ನಮ್ಮ ಅಮ್ಮನಿಗೆ ಬಂದಂಥ ಉತ್ತರಗಳು ತಾನಾಗಿ ನಿಲ್ಲುತ್ತವೆ.

ಹಿಂಸೆಗೊಳಗಾದವರ ವರದಿಯನ್ನು ಅವರು ಹೇಳಿದ ರೀತಿಯಲ್ಲಿ ಮಾತ್ರ ತಲುಪಿಸಬೇಕು. ಇದೊಂದಕ್ಕೆ ಮುಂದಿನ ಸಭೆಯವರೆಗೂ ಕಾಯದೆ ಸೂಚನೆ ಹೊರಡಿಸಬೇಕೆಂದು ಕೋರುತ್ತೇವೆ.

ಧ್ವನಿ ಅಥವಾ ದೃಶ್ಯ ಮುದ್ರಣ ಕೇಳಿದ ಅರ್ಜಿ ಬಂದ ದಿನವೇ ಅದನ್ನು ಅಳಿಸದಂತೆ ಕಾದಿರಿಸಬೇಕು. ಅದಕ್ಕೆ ವಿಧಿಸುವ ಶುಲ್ಕದ ಬಗ್ಗೆಯೂ ಒಂದು ಮಾತು: ಹೇವರ್ಡ್ ನಗರದ ಒಂದು ಪ್ರಕರಣದಲ್ಲಿ ಪೊಲೀಸ್ ಕ್ಯಾಮೆರಾದ ದೃಶ್ಯಗಳಿಗೆ 3,000 ಡಾಲರಿಗೂ ಮಿಕ್ಕಿ ಕೇಳಲಾಗಿತ್ತು. ಮರೆಮಾಡಬೇಕಾದ ಭಾಗಗಳನ್ನು ತೆಗೆಯುವ ಕೆಲಸಕ್ಕೆ ಕೇಳುವವರಿಂದ ಹಣ ವಸೂಲು ಮಾಡುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲಿ ಆ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ನಮ್ಮ ಕೌಂಟಿಯ ಶುಲ್ಕದ ಪಟ್ಟಿಯನ್ನು ಆ ತೀರ್ಪಿನ ಬೆಳಕಿನಲ್ಲಿ ಪರಿಶೀಲಿಸಬೇಕು.

ಶೆರಿಫರು ಜನರಿಂದ ನೇರ ಆಯ್ಕೆಯಾದವರು, ಅವರ ತನಿಖೆಯಲ್ಲಿ ತಾವು ಕೈಹಾಕುವಂತಿಲ್ಲ ಎಂಬುದು ನಮಗೆ ತಿಳಿದಿದೆ. ನಾವು ಕೇಳುತ್ತಿರುವುದು ತನಿಖೆಯ ವಿಷಯವನ್ನಲ್ಲ. ಒಂದು ಕೌಂಟರು, ಒಂದು ಅರ್ಜಿ ನಮೂನೆ, ಒಂದು ಪತ್ರದ ಒಕ್ಕಣೆ. ಕೌಂಟಿ ಅಧಿಕಾರಿಗಳ ನಡೆಯ ಮೇಲ್ವಿಚಾರಣೆಯನ್ನು ಸರ್ಕಾರಿ ಸಂಹಿತೆಯ 25303ನೆಯ ಕಲಮು ತಮಗೇ ವಹಿಸಿದೆ. ದಾಖಲೆ ವಿಭಾಗಕ್ಕೆ ಇನ್ನೊಬ್ಬ ಸಿಬ್ಬಂದಿ ಬೇಕೆಂದಾದರೆ ಆಯವ್ಯಯವೂ ತಮ್ಮ ಕೈಯಲ್ಲೇ ಇದೆ.

ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವ ಎರಡು ನಿಮಿಷದಲ್ಲಿ ಇಷ್ಟನ್ನು ಹೇಳಲಾಗದೆಂದು ಬರೆದು ಕೊಡುತ್ತಿದ್ದೇವೆ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯದ ಮೇಲೆ ತಾವು ನಿರ್ಣಯ ಕೈಗೊಳ್ಳಲು ಸಾರ್ವಜನಿಕ ಸಭೆಗಳ ಕುರಿತ ರಾಜ್ಯದ ಬ್ರೌನ್ ಕಾಯಿದೆ ಅಡ್ಡಬರುವುದರಿಂದ, ಇದನ್ನು ಕಾರ್ಯಸೂಚಿಗೆ ಸೇರಿಸಿ, ಶೆರಿಫ್ ಕಚೇರಿಯ ದಾಖಲೆ ವಿಭಾಗದ ಮುಖ್ಯಸ್ಥರನ್ನು ಅಂದು ಕರೆಸಬೇಕೆಂದು ಕೋರುತ್ತೇವೆ. ಸಭೆಯ ದಿನಾಂಕವನ್ನು ಒಂದು ವಾರ ಮುಂಚೆ ತಿಳಿಸಿದರೆ ಹಿರಿಯರನ್ನು ಕರೆತರಲು ಅನುಕೂಲ. ಅವರಲ್ಲಿ ಇಬ್ಬರು ಅಕ್ಟೋಬರ್ ಕೊನೆಗೆ ಊರಿಗೆ ಹೊರಡುವವರಿದ್ದಾರೆ.



ತಮ್ಮ ವಿಶ್ವಾಸಿಗಳು,
ಕೌಂಟಿಯ ಕನ್ನಡಿಗ ನಿವಾಸಿಗಳು

ಲಗತ್ತು: ಸಹಿಗಳ ಹಾಳೆ, ಮನವಿಯ ಇಂಗ್ಲಿಷ್ ಪ್ರತಿ, ಕೌಂಟರಿನ ಮಾಹಿತಿ ಹಾಳೆಯ ಕರಡು, ನಿರಾಕರಣೆಯ ಮಿಂಚಂಚೆಯ ನಕಲು (ಪ್ರಕರಣದ ಸಂಖ್ಯೆ ಮರೆಮಾಡಿದೆ)

ಪ್ರತಿ: ಮಾನ್ಯ ಶೆರಿಫರ ಅವಗಾಹನೆಗಾಗಿ